ಖಳನಾಯಕ ಎಣಿಸುತ್ತಿದ್ದ

ಕೆಟ್ಟ ಸಿನಿಮಾ ನೋಡಿದವನು ಸುಮ್ಮನೆ ಮನೆಗೆ ಹೋಗಿ ಊಟ ಮಾಡಬೇಕು. ನಾನು ಹಾಗೆ ಮಾಡದೆ ಅದರ ಒಂದು ದೃಶ್ಯವನ್ನು ಹೊಗಳಿ ಒಂದು ವಾರಪತ್ರಿಕೆಗೆ ಬರೆದೆ. ಇದು ನನ್ನ ಮೊದಲ ತಪ್ಪೊಪ್ಪಿಗೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಆದ್ದರಿಂದ ಮೊದಲು ಸಿನಿಮಾವನ್ನೇ ಬೈದು ಮುಗಿಸುತ್ತೇನೆ.

ಅದೊಂದು ಗೂಢಚಾರನ ಹಿಂದಿ ಸಿನಿಮಾ. ಹೆಸರು ಹೇಳುವುದಿಲ್ಲ, ಮರೆತವರಿಗೆ ನೆನಪು ಮಾಡಿಕೊಟ್ಟ ಪಾಪ ನನಗೆ ಬೇಡ. ನಾಯಕ ಶತ್ರುದೇಶಕ್ಕೆ ಗುಟ್ಟಾಗಿ ನುಸುಳುತ್ತಾನೆ. ಹೇಗೆಂದರೆ, ಕೆಂಪು ಕಾರಿನ ಛಾವಣಿ ತೆಗೆದು, ಹಾಡು ಜೋರಾಗಿ ಹಚ್ಚಿಕೊಂಡು. ಯಾರಿಗೂ ಗುರುತು ಸಿಗಬಾರದೆಂದು ಒಂದು ಕನ್ನಡಕ ಹಾಕಿಕೊಳ್ಳುತ್ತಾನೆ. ಯಾರಿಗೂ ಗುರುತು ಸಿಗುವುದಿಲ್ಲ, ಅವನ ಜೊತೆ ನಾಲ್ಕು ವರ್ಷ ಓದಿದವಳಿಗೂ. ಶತ್ರು ಸೈನಿಕರಿಗೆ ಗುಂಡು ಹಾರಿಸಲು ಬರುತ್ತದೆ, ಗುರಿ ಹಿಡಿಯಲು ಮಾತ್ರ ಯಾರೂ ಕಲಿಸಿಲ್ಲ. ಎಲ್ಲ ದೇಶಗಳ ಗುಟ್ಟನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಅದರ ಕೋಣೆಗೆ ಬೀಗವಿಲ್ಲ.

ಇಂಥವನನ್ನು ಒಂದು ದಿನ ರಬಕವಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ನೋಡಬೇಕು ಎಂಬುದು ನನ್ನ ಬಹುದಿನದ ಆಸೆ. ಚೀಲ ಕೆಳಗಿಡುವ ಮೊದಲೇ ಯಾರಾದರೂ ಕೇಳುತ್ತಾರೆ: "ಯಾವೂರ ಆತ್ರಿ? ಯಾರ ಮನಿಗೆ ಬಂದೀರಿ?" ಮುಧೋಳ ಎಂದು ಸುಳ್ಳು ಹೇಳಿದರೆ, ಕೇಳಿದವನ ತಂಗಿಯನ್ನು ಮುಧೋಳಕ್ಕೆ ಕೊಟ್ಟಿರುತ್ತಾರೆ. ಬೀಳಗಿ ಎಂದರೆ ಅಲ್ಲಿ ಅವನ ಸೋದರಮಾವ ಇರುತ್ತಾನೆ. ಜಮಖಂಡಿ ಎಂದರಂತೂ ಯಾವ ಓಣಿ, ಯಾರ ಪೈಕಿ, ಗುಡಿಯ ಈಚೆಗೋ ಆಚೆಗೋ ಎಂಬಲ್ಲಿಗೆ ಹೋಗುತ್ತದೆ. ಎರಡನೆಯ ಚಹಾ ಮುಗಿಯುವುದರೊಳಗೆ ನಾಯಕ ತನ್ನ ಇಲಾಖೆ, ಹುದ್ದೆ, ಬಂದ ಉದ್ದೇಶ ಎಲ್ಲವನ್ನೂ ಒಪ್ಪಿಸಿ, ಸಂಜೆಯ ಊಟಕ್ಕೆ ಯಾರದೋ ಮನೆಯಲ್ಲಿ ಕುಳಿತಿರುತ್ತಾನೆ. ಹೊಡೆತ ಬಡಿತ ಏನೂ ಬೇಕಾಗುವುದಿಲ್ಲ.

ನಾನು ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವವನು, ಮನೆ ಮಾತ್ರ ರಬಕವಿಯಲ್ಲಿ. ಇದು ನೇಕಾರರ ಊರು. ಪಾವರ್‌ಲೂಮ್ ಓಡುವಾಗ ಇಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಿದರೂ ಕೇಳುವುದಿಲ್ಲ. ಕರೆಂಟು ಹೋದಾಗ ಊರು ಇದ್ದಕ್ಕಿದ್ದಂತೆ ಬಾಯಿ ತೆರೆಯುತ್ತದೆ. ಎಲ್ಲರೂ ಶೆಡ್ಡಿನಿಂದ ಹೊರಬಂದು ನೀಲವ್ವನ ಚಹಾದಂಗಡಿಗೆ ಬರುತ್ತಾರೆ. ಹಾಗಾಗಿ ನಮ್ಮಲ್ಲಿ ಯಾವ ಚರ್ಚೆಗೂ ಸಮಯ ನಿಗದಿ ಮಾಡುವವರು ವಿದ್ಯುತ್ ಇಲಾಖೆಯವರೇ. ದೇವರು ಇದ್ದಾನೋ ಇಲ್ಲವೋ ಎಂಬ ವಾದ ಒಮ್ಮೆ ಅರ್ಧಕ್ಕೆ ನಿಂತದ್ದು ಇನ್ನೂ ಹಾಗೆಯೇ ಉಳಿದಿದೆ, ಕರೆಂಟು ಬಂದುಬಿಟ್ಟಿತ್ತು.

ಗೂಢಚಾರನ ವಾದ ನಡೆದದ್ದೂ ಅಲ್ಲೇ, ಮೂರು ನಾಲ್ಕು ಕಂತಿನಲ್ಲಿ. ನಾಯಕನ ಪರ ದಸ್ತಗೀರ, ಮಗ್ಗ ರಿಪೇರಿ ಮಾಡುವವನು. ಆ ನಟನ ಯಾವ ಸಿನಿಮಾ ಬಂದರೂ ಮೊದಲ ದಿನವೇ ನೋಡಿದವನು. ವಿರುದ್ಧ ಮಹಾದೇವ, ಸೀರೆ ವ್ಯಾಪಾರಿ; ಬಟ್ಟೆಯಲ್ಲಿ ದೋಷ ಹುಡುಕಿ ಹುಡುಕಿ ಜಗತ್ತಿನಲ್ಲೂ ಅದನ್ನೇ ಹುಡುಕುವವನು.

"ಅಲ್ಲೋ, ಹೊಳಿಯಾಗ ಮುಳಗಿ ಎದ್ದ ಬಂದಾನ, ಶರ್ಟಿನ ಇಸ್ತ್ರಿ ಮುರದಿಲ್ಲ!" ಎಂದ ಮಹಾದೇವ. "ನಾ ಕೃಷ್ಣಾ ಹೊಳಿಗೆ ಕಾಲ ತೊಳಿಯಾಕ ಹ್ವಾದ್ರ ಧೋತರ ಮೊಣಕಾಲ ಮಟಾ ತೊಯ್ದಿರ್ತೈತಿ."

"ಅದು ಹೀರೋನ ಶರ್ಟ ಐತಿ, ನಿನ್ನ ಅಂಗಡಿ ಅರಿವಿ ಅಲ್ಲ," ಎಂದ ದಸ್ತಗೀರ. "ಪಿಚ್ಚರ್ ನೋಡಾಕ ಹೋಗಿದ್ದ್ಯೋ, ಪಂಚನಾಮಿ ಮಾಡಾಕ ಹೋಗಿದ್ದ್ಯೋ? ಆ ಬೈಕ್ ಹಾರಸಿದ್ದ ನೋಡಿದಿ? ಆ ಬೈಕ್ ಸಲುವಾಗಿ ಏನ ಬೇಕಾದ್ದ ಮಾಫ್ ಮಾಡಬಹುದು."

"ಬೈಕ್ ಛಲೋ ಹಾರೇತಿ, ಖರೆ. ಕತಿನೂ ಅದರ ಕೂಡನ ಹಾರಿ ಹೋಗೇತಿ."

ಇವರಿಬ್ಬರ ನಡುವೆ ನಾನು ಪಂಡಿತನ ಪಾತ್ರದಲ್ಲಿದ್ದೆ. ಸಿನಿಮಾ ಕಸ, ಆದರೆ ಅದರಲ್ಲಿ ಒಂದೇ ಒಂದು ದೃಶ್ಯ ಅಪ್ಪಟ ಕಲೆ ಎಂಬುದು ನನ್ನ ನಿಲುವು. ಖಳನಾಯಕ ಗಾಜಿನ ಕೋಣೆಯೊಳಗೆ ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಎದುರಿನ ಕಟ್ಟಡದಿಂದ ನಾಯಕ ದುರ್ಬೀನು ಹಿಡಿದು ಅವನ ತುಟಿ ಓದುತ್ತಾನೆ. ಓದಿದ್ದನ್ನು ಪಿಸುಮಾತಿನಲ್ಲಿ ನಮಗೆ ಹೇಳುತ್ತಾನೆ: ಯಾವ ಸೇತುವೆ, ಯಾವ ಹೊತ್ತು, ಎಷ್ಟು ಜನ. ಹಿಂದೆ ಒಂದೇ ಒಂದು ಕೊಳಲು. ಆ ಕೊಳಲಿನ ಮೇಲೆ ನಾನು ಪತ್ರಿಕೆಯಲ್ಲಿ ಎರಡು ಪ್ಯಾರಾ ಬರೆದಿದ್ದೆ. 'ಗಾಜು ಮತ್ತು ಮೌನದ ನಡುವಿನ ಅಸ್ತಿತ್ವ' ಎಂಬ ಮಾತೂ ಅದರಲ್ಲಿತ್ತು. ಅದರರ್ಥ ಈಗ ಕೇಳಬೇಡಿ.

ಆಗ ಗೋಡೆಗೆ ಒರಗಿ ಕುಳಿತಿದ್ದ ಈರಪ್ಪ ಬಾಯಿಬಿಟ್ಟ.

"ಅಂವ ಮಾತಾಡೇ ಇಲ್ರಿ ಸರ."

"ಯಾರು?"

"ವಿಲನ್. ಗಾಜಿನ ಖೋಲ್ಯಾಗ. ಅಂವ ಬರೇ ಎಣಸಾಕತ್ತಿದ್ದ. ಏಕ್, ದೋ, ತೀನ್. ಹದಿನೇಳರ ತನಕಾ ಹ್ವಾದ, ಅಲ್ಲಿ ತಪ್ಪಿದ. ಮತ್ತ ಹನ್ನೊಂದರಿಂದ ಸುರು ಮಾಡ್ದ."

ಈರಪ್ಪ ಮೂವತ್ತು ವರ್ಷದಿಂದ ಪಾವರ್‌ಲೂಮ್ ನೇಯುವವನು. ಮಗ್ಗಗಳ ಸದ್ದಿನಲ್ಲಿ ನೇಕಾರರು ಒಬ್ಬರಿಗೊಬ್ಬರು ತುಟಿ ಅಲುಗಿಸಿಯೇ ಮಾತಾಡುವುದು. ನಾಲ್ಕು ಮಗ್ಗ ಆಚೆಯಿದ್ದವನು 'ನೂಲು ಕಡದೈತಿ' ಎಂದರೂ ಗೊತ್ತಾಗುತ್ತದೆ, ಮಾಲಕನ ಬಗ್ಗೆ ಏನೆಂದರೂ ಗೊತ್ತಾಗುತ್ತದೆ. ಅಂಥ ಊರಿಗೆ ತುಟಿ ಓದುವ ಗೂಢಚಾರನನ್ನು ತಂದು ತೋರಿಸಿದ ಆ ನಿರ್ದೇಶಕನ ಧೈರ್ಯ ಮೆಚ್ಚಬೇಕು. ನಟ ಮಾತು ಬಾಯಿಪಾಠ ಮಾಡಿರಲಿಲ್ಲ. ಗಾಜಿನಾಚೆ ಯಾರಿಗೆ ತಿಳಿಯುತ್ತದೆ ಎಂದು ಅಂಕಿ ಹೇಳಿ ಬಾಯಿ ಆಡಿಸಿದ್ದಾನೆ. ನಾಯಕನ ಪಿಸುಮಾತನ್ನು ಆಮೇಲೆ ಸೇರಿಸಿದ್ದಾರೆ.

ಹಾಗಾದರೆ ಅದೇ ಮಗ್ಗ ನೇಯುವ ಬೇರೆಯವರಿಗೆ ಇದು ಕಾಣಲಿಲ್ಲವೇಕೆ? ಅವರಿಗೆ ಕಿವಿ ಇತ್ತು. ನಾಯಕ ಹೇಳಿದ್ದು ಕೇಳಿಸಿತು, ಕೇಳಿಸಿದ್ದನ್ನು ನಂಬಿದರು. ಈರಪ್ಪನಿಗೆ ಕೇಳಿಸಲಿಲ್ಲ.

ಹೌದು, ಅವನಿಗೆ ಕಿವಿ ಕೇಳುವುದಿಲ್ಲ. ಮಗ್ಗದ ಸದ್ದಿನಿಂದ ಸ್ವಲ್ಪ ಸ್ವಲ್ಪವೇ ಹೋಗಿ, ಈಗ ಪೂರ್ತಿ ಹೋಗಿದೆ. ಇದು ಅವನ ಹೆಂಡತಿಗೆ ಗೊತ್ತಿತ್ತು, ಮತ್ತು ನನಗೆ. ನಾಲ್ಕು ವರ್ಷದ ಹಿಂದೆ ಸಂತೆಯಲ್ಲಿ ಹಿಂದಿನಿಂದ ಅವನನ್ನು ಕೂಗಿದ್ದೆ. ಮೂರು ಸಲ ಎಂದು ನೆನಪು. ಆದರೆ ನೆನಪಿಗೆ ಮೂರು ಎಂಬ ಅಂಕಿಯ ಮೇಲೆ ಯಾಕೋ ವಿಪರೀತ ಮೋಹ, ಆದ್ದರಿಂದ ನಂಬಬೇಡಿ. ಹೆಗಲು ಮುಟ್ಟಿದಾಗ ಅವನು ಬೆಚ್ಚಿಬಿದ್ದ. ನನ್ನ ಮುಖ ನೋಡಿಯೇ ನನಗೆ ತಿಳಿದುಹೋಯಿತೆಂದು ತಿಳಿದ.

"ಯಾರ ಮುಂದನೂ ಅನಬ್ಯಾಡ್ರಿ ಸರ," ಎಂದ. "ಒಮ್ಮಿ ಕೆಪ್ಪ ಅಂತ ಕರದ್ರ ಮುಗೀತು. ನನ್ನ ಮೊಮ್ಮಗನ ಸಾಲಿ ಹಾಜರಿ ಪುಸ್ತಕದಾಗೂ ಕೆಪ್ಪ ಅಂತನ ಬರೀತಾರ."

ದಕ್ಷಿಣದ ಓದುಗರಿಗೆ ಇದು ಅತಿಯೆನಿಸಬಹುದು. ನಮ್ಮ ಕಡೆ ಅಡ್ಡಹೆಸರು ಹುಟ್ಟುವ ರೀತಿ ತಿಳಿದವರಿಗೆ ಅನ್ನಿಸುವುದಿಲ್ಲ. ಯಾರದೋ ಮುತ್ತಜ್ಜ ಎಂದೋ ಒಂದು ಹಂಗಾಮು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಮಾರಿರುತ್ತಾನೆ. ಮರಿಮಗ ದೊಡ್ಡ ಡಾಕ್ಟರನಾದರೂ ಬಾಗಿಲ ಮೇಲೆ ಉಳ್ಳಾಗಡ್ಡಿಯೇ. ಈರಪ್ಪನಿಗೆ ಹೋದ ಕಿವಿಯ ಚಿಂತೆ ಅಷ್ಟಿರಲಿಲ್ಲ, ಬರಲಿರುವ ಹೆಸರಿನದಿತ್ತು. ಆ ಹೆಸರು ಇನ್ನೂ ಹುಟ್ಟದ ಮಕ್ಕಳ ಮೇಲೆ ಹೋಗಿ ಕೂರುತ್ತದೆಂದು ಅವನಿಗೆ ಗೊತ್ತಿತ್ತು. (ಈರಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಉಳಿದವರ ಹೆಸರನ್ನೂ ಬದಲಿಸಿದ್ದೇನೆ.)

ಹಳೆಯ ರಾಜನೀತಿ ಶಾಸ್ತ್ರಗಳಲ್ಲಿ ಗೂಢಚಾರರಿಗೆ ಹೇಳಿದ ವೇಷಗಳ ದೊಡ್ಡ ಪಟ್ಟಿಯೇ ಇದೆ: ಸನ್ಯಾಸಿ, ವ್ಯಾಪಾರಿ, ಕುರುಡ, ಕಿವುಡ. ಕೇಳಿಸಿಯೂ ಕೇಳಿಸದಂತೆ ನಟಿಸುವವನನ್ನು ಪಂಡಿತರು ಬಲ್ಲರು. ಕೇಳಿಸದೆಯೂ ಕೇಳಿಸಿದಂತೆ ಬದುಕುವವನ ವಿಷಯ ಅವರಿಗೆ ಹೊಳೆದಿಲ್ಲ. 'ನಿಜವಾದ ಗೂಢಚಾರ ನಮ್ಮ ಪಕ್ಕದಲ್ಲೇ ಕುಳಿತಿದ್ದ' ಎಂದು ಇಲ್ಲಿಗೆ ಪ್ರಬಂಧ ಮುಗಿಸಬಹುದಿತ್ತು, ಓದುಗರು ತಲೆದೂಗುತ್ತಿದ್ದರು. ಅಷ್ಟು ಅಗ್ಗದ ಕೊನೆ ಆ ಸಿನಿಮಾಕ್ಕೇ ಇರಲಿ.

ಈರಪ್ಪನ ಮಾತು ಖರೆಯೋ ಸುಳ್ಳೋ ನೋಡಲು ಒಂದು ಸೂಟಿಯ ದಿನ ಎಲ್ಲರೂ ಮತ್ತೆ ಮಧ್ಯಾಹ್ನದ ಆಟಕ್ಕೆ ಹೋದೆವು. ಗಾಜಿನ ಕೋಣೆ ಬಂತು. ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು; ಖಳನಾಯಕ ತುಟಿ ಅಲುಗಿಸಿದ್ದೇ ತಡ, ಇಡೀ ಥೇಟರು ಅವನ ಜೊತೆ ಎಣಿಸತೊಡಗಿತು. ಹದಿನೇಳಕ್ಕೆ ಅವನು ತಪ್ಪಿದಾಗ ಜನ ಎದ್ದುನಿಂತು ಸಿಳ್ಳೆ ಹೊಡೆದರು. ನನಗೆ ನೆನಪಿರುವುದು ಹೀಗೆ. ನಿಜದಲ್ಲಿ ಎಣಿಸಿದವರು ಹತ್ತು ಮಂದಿ ಇದ್ದರೋ, ಐದೋ. ಇಡೀ ಥೇಟರನ್ನು ತುಂಬಿದವನು ನಾನೇ ಇರಬಹುದು. ಕೊಳಲು ಯಾರಿಗೂ ಕೇಳಿಸಲಿಲ್ಲ ಎಂಬುದು ಮಾತ್ರ ಖಂಡಿತ.

ಮರುದಿನ ಕರೆಂಟು ಹೋದಾಗ ನೀಲವ್ವನ ಅಂಗಡಿಯಲ್ಲಿ ನನ್ನ ಲೇಖನದ ಸಾರ್ವಜನಿಕ ವಾಚನ ನಡೆಯಿತು. ಮಹಾದೇವ ವಾರಪತ್ರಿಕೆಯನ್ನು ಸೀರೆಯ ಸೆರಗಿನಂತೆ ಬಿಚ್ಚಿ ಹಿಡಿದು ಓದಿದ. "ಗಾಜು ಮತ್ತು ಮೌನದ ನಡುವಿನ... ಇದೇನ್ರಿ ಸರ ಇದು? ಏಕ್, ದೋ, ತೀನ್ ಅನ್ನೂದಕ್ಕ ಇಷ್ಟ ದೊಡ್ಡ ಹೆಸರ ಐತೇನು?" ದಸ್ತಗೀರ, ತನ್ನ ಹೀರೋಗೆ ಆದ ಅವಮಾನವನ್ನೆಲ್ಲ ನನ್ನ ಮೇಲೆ ದಾಟಿಸಿ ಹಗುರಾದ. "ಹೋಗ್ಲಿ ಬಿಡೋ. ಹದಿನೇಳರ ತನಕಾ ಎಣಿಸಿದ್ದೂ ಒಂದ್ ಕಲಾನ ಐತಿ."

ಎಲ್ಲರೂ ನಕ್ಕರು. ಈರಪ್ಪನೂ ನಕ್ಕ. ಅವನ ನಗು ನನ್ನನ್ನು ಚುಚ್ಚಿತು. ನನ್ನ ಎರಡು ಪ್ಯಾರಾ ಕೊಳಲನ್ನು ಕೆಡವಿದವನು ಆ ಕೊಳಲನ್ನು ಕೇಳಿಯೇ ಇಲ್ಲ! ಒಂದು ಮಾತು ಹೇಳಿದರೆ ವಾದ ನನ್ನದಾಗುತ್ತಿತ್ತು. ಆ ಮಾತನ್ನು ನಾನು ಹೇಳಲಿಲ್ಲ. ಅದಕ್ಕಿಂತ ನಾಜೂಕಾದದ್ದನ್ನು ಮಾಡಿದೆ.

ಮಹಾದೇವನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮುಖದ ಮುಂದೆ ಹಿಡಿದೆ. ಓದಲೆಂದು ಹಿಡಿದೆ, ಮಾತು ತಾನಾಗಿ ಬಂತು ಎಂದು ನನ್ನ ನೆನಪು ಸಾಕ್ಷಿ ಹೇಳುತ್ತದೆ. ಅದು ನನ್ನ ಮನೆಯ ಅನ್ನ ತಿಂದ ಸಾಕ್ಷಿ. ಪತ್ರಿಕೆಯ ಹಿಂದಿನಿಂದ ಸ್ಪಷ್ಟವಾಗಿ ಕೇಳಿದೆ:

"ಈರಪ್ಪ, ಆ ಸೀನಿನ್ಯಾಗ ಹಿಂದ ಯಾವ ವಾದ್ಯ ಬಾರಸಾಕತ್ತಿದ್ರು, ಹೇಳು ನೋಡೂಣು?"

ನನ್ನ ಕಣ್ಣೆದುರು ಅಕ್ಷರಗಳಷ್ಟೇ ಇದ್ದವು, ನನ್ನವೇ. ಯಾರೂ ನಗಲಿಲ್ಲ. 'ಯಾಕ ಸುಮ್ಮಕಾದಿಯೋ ಈರಪ್ಪ' ಎಂದು ಯಾರೂ ಕೇಳಲಿಲ್ಲ. ಆಮೇಲೆ ನೀಲವ್ವನ ದನಿ ಬಂತು.

"ಸರ, ಆ ಪೇಪರ್ ಕೆಳಗ ಇಳಸ್ರಿ. ಅಂವಗ ನಿಮ್ಮ ಮಾರಿ ಕಾಣವಲ್ದು."

ಪತ್ರಿಕೆಯ ಅಂಚಿನಿಂದ ನೋಡಿದೆ. ನೀಲವ್ವ ಒಲೆಯ ಕಡೆ ತಿರುಗಿ, ಈರಪ್ಪನಿಗೆ ಪೂರ್ತಿ ಬೆನ್ನು ಮಾಡಿ ಆ ಮಾತು ಹೇಳಿದ್ದಳು. ಅಷ್ಟು ವರ್ಷದಲ್ಲಿ ಆಕೆ ಅವನಿಗೆ ಬೆನ್ನು ಮಾಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ದಸ್ತಗೀರ ನೆಲ ನೋಡುತ್ತ, ಬಾಯಿ ಹೆಚ್ಚು ಅಲುಗಿಸದೆ, "ನಮಗೆಲ್ಲಾ ಗೊತ್ತೈತ್ರಿ," ಎಂದ. "ಅಂವಗ ಗೊತ್ತಿಲ್ಲ, ನಮಗ ಗೊತ್ತೈತಿ ಅಂತ."

ಆಗ ಒಂದೊಂದೇ ಕಾಣತೊಡಗಿತು. ಗೋಡೆಗೆ ಒರಗಿ ಎಲ್ಲರ ಮುಖ ಕಾಣುವ ಆ ಜಾಗದಲ್ಲಿ ಈರಪ್ಪನ ಹೊರತು ಬೇರೆ ಯಾರೂ ಕೂರುತ್ತಿರಲಿಲ್ಲ. ದಸ್ತಗೀರ ತುಟಿಯ ಮೇಲೆ ಇಳಿಬಿದ್ದಿದ್ದ ಮೀಸೆಯನ್ನು ಒಂದು ದಿನ ಕತ್ತರಿಸಿಕೊಂಡು ಬಂದು, ಹೆಂಡತಿಯ ಕಾಟ ಎಂದಿದ್ದ. ಬಾಯ್ತುಂಬ ಎಲೆಯಡಿಕೆ ಇದ್ದಾಗ ಮಹಾದೇವ ಮಾತಾಡುವ ಮೊದಲು ಎದ್ದುಹೋಗಿ ಉಗುಳಿ ಬರುತ್ತಿದ್ದ, ಸಂಸ್ಕಾರವಂತ ಎಂದುಕೊಂಡಿದ್ದೆ. ಎದುರಿಗೆ ಬಂದವರಿಗೆಲ್ಲ ಹೆಸರಿಡುವ ಈ ಊರು ಒಬ್ಬನಿಗೆ ಇಡಬೇಕಾದ ಹೆಸರನ್ನು ವರ್ಷಗಟ್ಟಲೆ ಬಾಯಲ್ಲೇ ಇಟ್ಟುಕೊಂಡು ಕುಳಿತಿತ್ತು. ಗುಟ್ಟು ಕಾಯುತ್ತಿರುವವನು ನಾನೊಬ್ಬನೇ ಎಂದು ನಾಲ್ಕು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ಅದನ್ನು ಬಿಟ್ಟುಕೊಡಲು ಹೋದವನೂ ನಾನೊಬ್ಬನೇ. ಮಗ್ಗದ ಸದ್ದಿನಲ್ಲಿ ಬದುಕದವನೂ ಅವರಲ್ಲಿ ನಾನೊಬ್ಬನೇ.

ಪತ್ರಿಕೆ ಮಡಚಿ ಕೆಳಗಿಟ್ಟೆ. ಈರಪ್ಪ ನನ್ನನ್ನೇ ನೋಡುತ್ತಿದ್ದ. ಕೇಳಿದ ಪ್ರಶ್ನೆಯನ್ನು ಈಗ ಮುಖ ತೋರಿಸಿ ಮತ್ತೆ ಕೇಳಬೇಕು. ಎಲ್ಲರೂ ಅದಕ್ಕಾಗಿಯೇ ಕಾಯುತ್ತಿದ್ದರು. ನನ್ನಿಂದಾಗಲಿಲ್ಲ.

"ಇನ್ನೊಂದ್ ಚಾ ತಗೋತಿಯೇನೋ ಈರಪ್ಪ?" ಎಂದೆ.

ಅವನು ನನ್ನ ತುಟಿ ನೋಡಿದ, ಆಮೇಲೆ ಕಣ್ಣು ನೋಡಿದ.

"ಇಷ್ಟ ಕೇಳಾಕ ಪೇಪರ್ ಅಡ್ಡ ಹಿಡಿಯೂದು ಯಾಕ ಬೇಕಾಗಿತ್ರಿ ಸರ?"

ಉತ್ತರ ಕೊಡಲು ನನ್ನ ತುಟಿ ಅಲುಗಿದವೋ ಏನೋ, ಗೊತ್ತಿಲ್ಲ. ಅಲುಗಿದ್ದರೆ ಅವನು ಓದಿಕೊಂಡಿರುತ್ತಾನೆ.