ಗೆರೆಯ ಮೇಲೆ ಬಿದ್ದ ಚೆಂಡು

ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕಾವೇರಿ ಟೀಚರಿಗೆ ಚಿಕ್ಕಂದಿನಿಂದಲೂ ಚೆಂಡೆಂದರೆ ಅಂಜಿಕೆ. ಮಕ್ಕಳು ಆಡುವಾಗ ಮೈದಾನದ ನಡುವೆ ಹಾಯದೆ ಗೋಡೆ ಹಿಡಿದು ಸುತ್ತಿ ಹೋಗುವವರು. ಅಂಥವರ ಪಾಲಿಗೆ ಹೋದ ವರ್ಷ ಹುಡುಗಿಯರ ವಾಲಿಬಾಲ್ ತಂಡ ಬಂತು. ಪಿ.ಟಿ. ಮಾಸ್ತರ ದುಂಡೇಶ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ತಾಲೂಕು ಪಂದ್ಯ ಹತ್ತಿರ ಬಂದಿತ್ತು.

“ನನಗ ಆಟ ಬರೂದಿಲ್ರಿ ಸರ್.”

“ಆಡಾಕ ಹುಡುಗ್ಯಾರು ಅದಾರಲ್ರಿ. ನೀವು ಜೋಡಿ ನಿಂತ್ರ ಸಾಕು,” ಎಂದರು ಹೆಡ್‌ಮಾಸ್ತರ ಖಂಡೆಪ್ಪ.

ಆಟದ ಅಂಗಳದ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಕಾವೇರಿಗೆ ಅದು ಸರಿಕಾಣಲಿಲ್ಲ. ಹಗ್ಗ ಹಿಡಿದು ಅಳೆದು, ಸುಣ್ಣದ ಪುಡಿಯಿಂದ ನೇರ ಗೆರೆ ಎಳೆಸಿದರು. ಮೊದಲ ದಿನವೇ ಚೆಂಡು ಗೆರೆಯ ಮೇಲೆ ಬಿತ್ತು. ಹುಡುಗಿಯರು ಇವರ ಮುಖ ನೋಡಿದರು. “ಗೆರಿ ಮುಟ್ಟಿದ್ರ ಔಟ್,” ಎಂದರು ಕಾವೇರಿ, ಒಂದಿಷ್ಟೂ ಅನುಮಾನವಿಲ್ಲದೆ.

ತಂಡದ ಗುಲನಾಜಳದು ಬೇರೆ ತೊಂದರೆ. ನೇರ ಬಂದ ಚೆಂಡಿಗೆ ಹುಲಿಯಂತೆ ಎಗರುವ ಹುಡುಗಿ, ಎತ್ತರದಿಂದ ಇಳಿಯುವ ಚೆಂಡಿಗೆ ಕಣ್ಣು ಮುಚ್ಚಿಬಿಡುತ್ತಿದ್ದಳು.

“ಮ್ಯಾಲಿಂದ ಬರೂ ಚೆಂಡು ಬರಬರತಾ ವಜ್ಜಿ ಆಗ್ತೈತ್ರಿ ಟೀಚರ್.”

ಭಾರದ ಮಾತು ಕೇಳಿ ಕಾವೇರಿಗೆ ಹುರುಪು ಬಂತು. ಇದು ಅವರ ವಿಷಯ. ಹುಡುಗಿಯರನ್ನು ದೂರ ನಿಲ್ಲಿಸಿ, ಒಂದು ಕೈಯಲ್ಲಿ ಗುಂಡೆಸೆತದ ಕಬ್ಬಿಣದ ಗುಂಡು, ಇನ್ನೊಂದರಲ್ಲಿ ವಾಲಿಬಾಲ್ ಹಿಡಿದು ಶಾಲೆಯ ಮಾಳಿಗೆ ಏರಿದರು.

“ಯಾವುದು ಮೊದ್ಲ ಬೀಳತೈತಿ?”

“ಗುಂಡು!” ಎಂದು ಎಲ್ಲರೂ ಕೂಗಿದರು.

ಎರಡನ್ನೂ ಒಮ್ಮೆಗೇ ಬಿಟ್ಟರು. ಗುಂಡು ಮಣ್ಣಿನಲ್ಲಿ ಹೂತಿತು, ಚೆಂಡು ಪುಟಿಯಿತು. ನೆಲ ಮುಟ್ಟಿದ ಹೊತ್ತು ಮಾತ್ರ ಒಂದೇ ಅನ್ನುವಂತಿತ್ತು. ಹುಡುಗಿಯರು ನಂಬದೆ ಮತ್ತೆ ಮತ್ತೆ ಬಿಡಿಸಿದರು.

“ನೋಡು ಗುಲನಾಜ, ಬೀಳೂ ಚೆಂಡು ವಜ್ಜಿ ಆಗೂದಿಲ್ಲ, ಜೋರ ಆಗ್ತೈತಿ ಅಷ್ಟ. ತುದಿಗಿ ಹೋದಾಗ ಒಂದ ಗಳಿಗಿ ನಿಂತಂಗ ಮಾಡ್ತೈತಿ. ಆವಾಗ ಅದು ಎಲ್ಲಿ ಇಳೀತೈತಿ ಅಂತ ಲೆಕ್ಕ ಹಾಕು.”

ಗುಲನಾಜ ಲೆಕ್ಕ ಹಾಕಲು ಎಷ್ಟು ಪಳಗಿದಳೆಂದರೆ, ಚೆಂಡು ಇನ್ನೂ ಮೇಲಿರುವಾಗಲೇ “ಬಿಡ್ರಿ, ಹೊರಗ!” ಎನ್ನುತ್ತಿದ್ದಳು. ಅದು ಹೊರಗೇ ಬೀಳುತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ತಂಡ ಫೈನಲ್ ತನಕ ಹೋಯಿತು. ಎದುರಿನವರಿಗೆ ಗೆಲ್ಲಲು ಒಂದೇ ಪಾಯಿಂಟ್ ಬೇಕಿದ್ದಾಗ ಅವರು ಚೆಂಡನ್ನು ಆಕಾಶಕ್ಕೆ ಎತ್ತಿದರು. ಗುಲನಾಜ ನೋಡಿದಳು, ಹಿಂದೆ ಸರಿದಳು. “ಬಿಡ್ರಿ! ಗೆರಿ ಮ್ಯಾಲ!” ಚೆಂಡು ಗೆರೆಯ ಮೇಲೇ ಬಿದ್ದು ಸುಣ್ಣದ ಪುಡಿ ಹಾರಿತು. ಗುಲನಾಜ ಕುಣಿದಳು. ಅಂಪೈರ್ ಇಬ್ರಾಹಿಂಸಾಬ ಸೀಟಿ ಊದಿ ಎದುರಿನವರ ಕಡೆ ಕೈ ತೋರಿಸಿದರು. ಪಂದ್ಯ ಮುಗಿದಿತ್ತು.

ಕಾವೇರಿ ಓಡಿ ಹೋದರು. “ಗೆರಿ ಮ್ಯಾಲ ಬಿದ್ದೈತ್ರಿ ಸರ್, ನಾನ ನೋಡೇನಿ!”

“ಹೌದ್ರಿ ಟೀಚರ್, ನಾನೂ ಅದನ್ನ ಹೇಳಾಕತ್ತೇನಿ. ಗೆರಿನೂ ಅಂಗಳದ್ದ. ಮುಟ್ಟಿದ್ರ ಒಳಗ.”

ಕಾವೇರಿ ಗೆರೆಯ ಮೇಲಿನ ಚೆಂಡಿನ ಗುರುತನ್ನು ಬಗ್ಗಿ ನೋಡಿದರು. ಅವರು ಜೀವಮಾನದಲ್ಲಿ ಆಡಿದ್ದು ಕುಂಟಾಟ ಒಂದೇ. ಅದರಲ್ಲಿ ಒಂದೇ ಕಾಲಲ್ಲಿ ಮನೆಯಿಂದ ಮನೆಗೆ ಕುಂಟುವಾಗ ಗೆರೆ ತುಳಿದರೆ ಔಟ್. ಎಲ್ಲ ಆಟಕ್ಕೂ ಅದೇ ಕಾಯ್ದೆ ಎಂದುಕೊಂಡಿದ್ದರು.

ಬೇವಿನ ಮರದ ಕೆಳಗೆ ಅಳುತ್ತ ಕುಳಿತ ಹುಡುಗಿಯರಿಗೆ ಇದನ್ನೆಲ್ಲ ಹೇಳಿ, “ಗುಲನಾಜಂದು ತಪ್ಪಿಲ್ಲ, ತಪ್ಪು ನಂದು” ಎಂದರು. ಆಮೇಲೆ ಗುಲನಾಜ ಮೂಗು ಒರೆಸಿಕೊಂಡು, “ಮೊದ್ಲ ಹೇಳಿದ್ರ ಒಂದ ಕಾಲಾಗ ಕುಂಟಕೋತ ಆಡತಿದ್ವಲ್ರಿ ಟೀಚರ್!” ಎಂದಳು. ಎಲ್ಲರಿಗೂ ನಗೆ ಒತ್ತರಿಸಿ ಬಂತು, ಕಾವೇರಿಗೂ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಊರಿಗೆ ಮರಳಿದರು.

ದುಂಡೇಶ ಮಾಸ್ತರ ಕೋಲೂರಿಕೊಂಡು ಬಂದ ಮೇಲೂ ಕಾವೇರಿ ತಂಡ ಬಿಡಲಿಲ್ಲ. ಅವರ ಹತ್ತಿರ ಒಂದೊಂದೇ ನಿಯಮ ಕಲಿತರು. ಈ ವರ್ಷ ತಂಡ ತಾಲೂಕಿನಲ್ಲಿ ಗೆದ್ದು, ಜಿಲ್ಲಾ ಪಂದ್ಯದಲ್ಲಿ ಮುದ್ದೇಬಿಹಾಳದವರಿಗೆ ಸೋತಿತು. ಬರುವಾಗ ಬಸ್ಸಿನಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ಕಾವೇರಿ ಮಾತ್ರ ದುಂಡೇಶರನ್ನು ಬಿಡಲೊಲ್ಲರು: “ಆ ಹುಡುಗಿ ಸರ್ವ್ ಮಾಡಿದ ಚೆಂಡು ಗಾಳ್ಯಾಗ ಅತ್ತಾಗ ಇತ್ತಾಗ ಒಲದಾಡತಿತ್ತಲ್ರಿ ಸರ್, ಅದನ್ನ ಹೆಂಗ ಹೊಡೀತಾರ?”