ಸೊನ್ನೆ ಬಂದ ಬೋರು

ರಾಯಚೂರಿನ ಒಂದು ಸಣ್ಣ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಾನ್ವಿ, ದೇವದುರ್ಗದ ಕಡೆ ಊರೂರು ತಿರುಗಿ ಬೋರಿನ ನೀರು ಪರೀಕ್ಷಿಸುವ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಕಾಕಾ. ಅವರು ಮೊಬೈಲಿನಿಂದ ಕಳಿಸುವ ನೈಟ್ರೇಟ್ ಅಂಕಿಗಳ ಮುಂದೆ ‘ಕುಡಿಯಬಹುದು’, ‘ಗಡಿಯಲ್ಲಿದೆ’, ‘ಕುಡಿಯಬಾರದು’ ಎಂದು ಒಂದೊಂದಾಗಿ ಬರೆದು ಬರೆದು ಬೇಸತ್ತು, ಆ ಕೆಲಸ ಕಂಪ್ಯೂಟರೇ ಮಾಡಿಕೊಳ್ಳಲೆಂದು ನಾನೇ ಒಂದು ಮ್ಯಾಕ್ರೊ ಬರೆದೆ. ಅಂಕಿ ಇಷ್ಟರೊಳಗಿದ್ದರೆ ಈ ಮಾತು, ಇಷ್ಟು ದಾಟಿದರೆ ಆ ಮಾತು. ಮೂರೇ ಕೇಸು.

ಆದರೆ ಹಾಳಾದ್ದು ನಡುನಡುವೆ ನಿಂತುಬಿಡುತ್ತಿತ್ತು. ಅಂಕಿಯ ಜಾಗದಲ್ಲಿ ಅಕ್ಷರ ಸಿಕ್ಕರೆ ಅದಕ್ಕೆ ಮುಂದೆ ಹೋಗಲು ಬರುತ್ತಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಯಾವ ಅಕ್ಷರ, ಯಾಕೆ ಬಂತು ಎಂದು ನೋಡಲಿಲ್ಲ. ಅಕ್ಷರ ಕಂಡರೆ ಸೊನ್ನೆ ಎಂದು ಓದಿಕೋ ಅಂತ ಒಂದು ಸಾಲು ಸೇರಿಸಿದೆ. ಆಮೇಲೆ ಸರಾಗ ಓಡಿತು.

ಆ ವಾರದ ಪಟ್ಟಿಯಲ್ಲಿ ದೇವದುರ್ಗದ ಹತ್ತಿರದ ನನ್ನ ಅಕ್ಕನ ಊರಿತ್ತು. ಅವಳ ಮನೆ ಮುಂದಿನ ಬೋರು: ಕುಡಿಯಬಹುದು. ಅಕ್ಕನಿಗೆ ಎದೆಹಾಲು ಬತ್ತಿತ್ತು. ಎರಡು ತಿಂಗಳ ಕೂಸಿಗೆ ಪುಡಿಹಾಲು ಕಲಸಲೆಂದು ದೂರದಿಂದ ಕ್ಯಾನಿನಲ್ಲಿ ನೀರು ಹೊತ್ತು ತರುತ್ತಿದ್ದಳು. ಕೂಡಲೇ ಫೋನ್ ಮಾಡಿದೆ.

“ಅಕ್ಕಾ, ಇನ್ನ ಯಾಕ ಹೊರ್ತೀ? ನಿಮ್ಮ ಬೋರಿನ ನೀರು ಛಲೋ ಅದ. ನಾನೇ ನೋಡೀನಿ.”

ನನ್ನ ದೊಡ್ಡಸ್ತಿಕೆಯನ್ನು ಏನು ಹೇಳಲಿ. ಅವತ್ತು ಊಟ ಕೂಡ ಎರಡು ತುತ್ತು ಹೆಚ್ಚಿಗೆ ಸೇರಿತು.

ಹತ್ತು ದಿನದ ಮೇಲೆ ಕಾಕಾ ಲ್ಯಾಬಿಗೆ ಬಂದು ಪರದೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಈ ಬೋರು ಹೆಂಗ ಪಾಸಾತವ್ವಾ? ನಾ ಇದಕ್ಕ ‘ಭಾಳ’ ಅಂತ ಬರದಿದ್ನಲ್ಲ.”

“ಅಂಕಿ ಯಾಕ ಬರಿಲಿಲ್ರೀ, ಕಾಕಾ?”

“ಔಷಧ ಹಾಕಿದ ಮ್ಯಾಲೆ ನೀರಿನ ಬಣ್ಣ ನಮ್ಮ ಬಣ್ಣದ ಪಟ್ಟಿಯ ಕಡೀ ಅಂಕಿ ದಾಟಿ ಹೋಗಿತ್ತು. ಇಲ್ಲದ ಅಂಕಿ ಬರದ್ರ ಸುಳ್ಳು ಹೇಳಿದಂಗ ಆಗ್ತದ.”

ಅಕ್ಕನ ಬೋರಿನ ಆ ‘ಭಾಳ’ವನ್ನು ನನ್ನ ಮ್ಯಾಕ್ರೊ ಸೊನ್ನೆ ಎಂದು ಓದಿತ್ತು. ನೈಟ್ರೇಟ್ ದೊಡ್ಡವರ ಹೊಟ್ಟೆಯಲ್ಲಿ ಗೊತ್ತಾಗದೆ ಹೋದೀತು. ಹಸುಗೂಸಿಗೆ ಮಾತ್ರ ರಕ್ತದಲ್ಲಿ ಉಸಿರು ಸಾಲದಂತೆ ಮಾಡುತ್ತದೆ, ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು.

ಅಕ್ಕ ಮೂರನೇ ಸಲಕ್ಕೆ ಫೋನ್ ಎತ್ತಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

“ನಾನೇ ಮಾಡಬೇಕಂತಿದ್ದೆ ನೋಡು. ನಿನ್ನೆಯಿಂದ ಕೂಸಿನ ತುಟಿ ನೀಲಿ ಆಗ್ಯಾವ. ಥಂಡಿ ಆಗೇದ ಅಂತ, ಅದೇ ನೀರು ಛಲೋತ್ನಾಗಿ ಕುದಿಸಿ, ತಾಸಿಗೊಮ್ಮೆ ಹಾಲು ಕುಡಿಸಾಕತ್ತೀನಿ.”