ಕೂಗು ನಿಲ್ಲಿಸಿದ ಹೊಲ

ಈಗ ಎಲ್ಲರ ಬಾಯಲ್ಲೂ ವೆಲ್‌ನೆಸ್ ಅನ್ನುವ ಮಾತು. ಎಂಬತ್ತರ ದಶಕದ ಆರಂಭದಲ್ಲೇ ನಾನದನ್ನು ಯೋಚಿಸಿದ್ದೆ. ಆಗ ನಾನು ಇಟ್ಟುಕೊಂಡಿದ್ದ ಹೆಸರು ರೆಸ್ಟ್ ಹೋಮ್.

ತಿಗನಾರೆ ಅನ್ನುವ ಊರಿಗೆ ಮದುವೆ ಮಾಡಿಕೊಟ್ಟಾಗ ನನ್ನ ತಂದೆ ಅರಿಶಿನ ಕುಂಕುಮಕ್ಕೆಂದು ಕಾಡಂಚಿನಲ್ಲಿ ಒಂದು ಹೊಲ ಕೊಟ್ಟಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಊಟಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಾಯಿಲೆಯ ಹುಡುಗಿಯರನ್ನು ಬಿಸಿಲಿಗೆ ಕೂರಿಸಿ, ಗಂಜಿ ಕುಡಿಸಿ ಗುಣಪಡಿಸುತ್ತಿದ್ದರು. ಅದನ್ನೇ ನೆನೆಸಿಕೊಂಡು ಒಂದು ಪ್ಲಾನ್ ಬರೆದೆ: ಹುಣಸೆ ಮರದ ಹತ್ತಿರ ಎರಡು ಮಣ್ಣಿನ ಕೋಣೆ, ಎಣ್ಣೆ ಸ್ನಾನಕ್ಕೆ ಬಚ್ಚಲು, ರಾಗಿ ಅಂಬಲಿ, ಬೆಳಗಿನ ವಾಕ್. ಎಲ್ಲ ಬೇಸಿಗೆಯಲ್ಲಿ ಮಾತ್ರ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬಾಗಿಲು ಹಾಕಬೇಕು.

ನನ್ನ ಗಂಡನ ಅಣ್ಣ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ತೋರಿಸಿದರು. "ನೋಡ್ರಪ್ಪ, ಕಾನ್ವೆಂಟ್ ಮೇಡಮ್ಮು ಕಾಡೊಳಗೆ ಆಸ್ಪತ್ರೆ ಇಡ್ತಾಳಂತೆ. ಚಿರತೆಗೂ ಎಣ್ಣೆ ಉಜ್ತೀಯೇನವ್ವಾ?" ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅದನ್ನೂ ನಾನು ಮರೆತಿಲ್ಲ.

ಮುಂದಿನ ವರ್ಷ ಅದೇ ಭಾವ ಕೊಯಮತ್ತೂರಿನ ಒಬ್ಬ ಡಾಕ್ಟರನ್ನು ಕರೆತಂದರು. ಅದೇ ಹುಣಸೆ ಮರದ ಕೆಳಗೆ ನಿಂತು, ಅದೇ ಎಣ್ಣೆ ಸ್ನಾನ, ಅದೇ ಅಂಬಲಿಯನ್ನು "ನನ್ನ ಸ್ಕೀಮು" ಅಂದರು. ನನ್ನನ್ನು ಒಂದು ಮಾತು ಕೇಳದೆ ಕೋಣೆಗಳು ಎದ್ದವು. ಡಾಕ್ಟರ್ ಕೆಲವು ದಿನ ಇದ್ದು ನೋಡಿ ಒಪ್ಪಿದರೆ ಹೊಲವನ್ನು ಅವರ ಮತ್ತು ಭಾವನ ಹೆಸರಿಗೆ ಬರೆಸುವುದು ಅಂತ ಮಾತಾಗಿತ್ತು; ಅದಕ್ಕೆ ನನ್ನ ಸೈನ್ ಹಾಕಿಸುವುದು ಗಂಡನ ಕೆಲಸ. ನನ್ನ ಪ್ಲಾನಿನಲ್ಲಿ ಅವರು ಬಿಟ್ಟದ್ದು ಬೇಸಿಗೆಯೊಂದನ್ನೇ. ಹಸಿರು ಚೆನ್ನಾಗಿರುತ್ತದೆಂದು ಕಾರ್ತೀಕದಲ್ಲಿ ಗೆಸ್ಟ್‌ಗಳನ್ನು ಕರೆದರು.

ಕಾರ್ತೀಕವೆಂದರೆ ನಮ್ಮಲ್ಲಿ ಕೂಗಿನ ತಿಂಗಳು. ರಾಗಿ ತೆನೆಗೆಂದು ಮುಸ್ಸಂಜೆಗೆ ಇಳಿಯುವ ಆನೆಯನ್ನು ಕಂಡ ಕಾವಲಿನವನು ಅಟ್ಟಣೆಯ ಮೇಲಿಂದ ತಮಟೆ ಬಡಿದು ಕೂಗುತ್ತಾನೆ. ಪಕ್ಕದ ಹೊಲದವನು ಅದನ್ನು ಎತ್ತಿಕೊಳ್ಳುತ್ತಾನೆ, ಅವನಿಂದ ಮುಂದಿನವನು. ಕಾಡಿನ ಉದ್ದಕ್ಕೂ ಕೂಗೇ ಬೇಲಿ. ಒಂದು ಹೊಲ ಸುಮ್ಮನಿದ್ದರೆ ಆನೆಗೆ ಅದೇ ಗೇಟು.

ಡಾಕ್ಟರಿಗೆ ಸದ್ದು ಆಗುತ್ತಿರಲಿಲ್ಲ. "ಅಮೈದಿ ದಾನ್ ಮರುಂದು," ಅಂದರು. ಮೌನವೇ ಮದ್ದಂತೆ. ಒಂದು ರಾತ್ರಿಯೂ ಕಾವಲು ಕಾಯದೆ, ಜಗಲಿಯಲ್ಲಿ ಕೂತೇ ಕೂಗು ಕೇಳಿ ಬೆಳೆದ ಭಾವ ನನ್ನ ಕಡೆ ತಿರುಗಿದರು. "ಕಾವ್ಲಿನವನಿಗೆ ಹೇಳಮ್ಮ. ಇವ್ರು ಇರೋಗಂಟ ನಮ್ಮೊಲದಲ್ಲಿ ತಮಟೆನೂ ಇಲ್ಲ, ಕೂಗೂ ಇಲ್ಲ. ಇದೊಂದನ್ನಾದ್ರೂ ನೆಟ್ಟಗೆ ಮಾಡು."

ನೆಟ್ಟಗೇ ಮಾಡಿದೆ.

"ಅಮ್ಮಾವ್ರೆ, ಕೂಗ್ದೆ ಬುಟ್ರೆ ಆನೆ ಸೀದಾ ಇಲ್ಗೇ ಬತ್ತದೆ ಕಣವ್ವ," ಅಂದ ಕಾವಲಿನವನು.

"ದೊಡ್ಡಬುದ್ಧಿಯವರ ಆರ್ಡರ್. ನೀನು ಸಂಜೆ ನಮ್ಮನೆಗೇ ಊಟಕ್ಕೆ ಬಾ."

ಅವನು ನನ್ನ ಮುಖವನ್ನೇ ನೋಡಿದ. "ತಮಟೆ?"

"ತಂದು ಒಳಗಿಡು."

ಗೆಸ್ಟ್‌ಗಳನ್ನೂ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕರೆಸಿದೆ. ಹೊಲದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮುದ್ದೆ, ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ. ಜಗಲಿಯಲ್ಲಿ ಎಲೆ ಹಾಕಿ ನಾನೇ ಬಡಿಸಿದೆ. ಬಲಗಡೆಯ ಹೊಲಗಳಿಂದ ಕೂಗು ಎದ್ದಿತು, ಎಡಗಡೆಯಿಂದ ಇನ್ನೊಂದು. ನಡುವೆ ನಮ್ಮ ಹೊಲ ಚರ್ಚಿನ ಹಾಗೆ ತಣ್ಣಗಿತ್ತು.

"ನಮ್ಮ ಕಡೆ ಮಾತ್ರ ಎಂಥ ಪೀಸ್!" ಅಂದರು ಡಾಕ್ಟರ್.

"ಯೆಸ್ ಡಾಕ್ಟರ್. ನಮ್ಮ ಭಾವನವರದೇ ಐಡಿಯಾ."

ಆಗ ಹೊಲದ ಕಡೆಯಿಂದ, ಕೋಣೆಗಳ ಹೆಂಚು ಪುಡಿಯಾಗುವ ಸದ್ದು ಬಂತು. ಭಾವನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. "ಕೂಗ್ರಲಾ! ತಮಟೆ ಎಲ್ಲಲಾ?"

ಅಂಗಳದಿಂದ ಕಾವಲಿನವನು, "ಒಳಗದೆ ಬುದ್ಧಿ. ನೀವೇ ಬ್ಯಾಡ ಅಂದ್ರಂತಲ್ಲ?"

"ಇನ್ನೊಂದು ಮುದ್ದೆ ಬಡಿಸಲಾ ಭಾವ?" ಅಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಗಳು ನೆಲಸಮ. ನನ್ನ ರಾಗಿಯೂ ಹೋಗಿತ್ತು, ಹೋಗಲಿ. ಎಳ್ಳೆಣ್ಣೆಯ ಡಬ್ಬ ಅಪ್ಪಚ್ಚಿಯಾಗಿ, ಆನೆಯ ಹೆಜ್ಜೆಗಳು ಎಣ್ಣೆಯಲ್ಲಿ ಮಿರಮಿರ ಹೊಳೆಯುತ್ತಿದ್ದವು. "ಚಿರತೆ ಬರಲಿಲ್ಲ ಭಾವ, ಆನೆಯೇ ಉಜ್ಜಿಸಿಕೊಂಡು ಹೋಗಿದೆ," ಅಂದೆ. ಗಂಡ ಬಗ್ಗಿ ಹೆಂಚಿನ ಚೂರು ಆರಿಸತೊಡಗಿದರು. ಮಧ್ಯಾಹ್ನದೊಳಗೆ ಡಾಕ್ಟರ್ ಹೊರಟುಹೋದರು. ನನ್ನ ಸೈನ್ ಆಮೇಲೆ ಯಾರೂ ಕೇಳಲಿಲ್ಲ.

ರೆಸ್ಟ್ ಹೋಮನ್ನು ನಾನೂ ಕಟ್ಟಲಿಲ್ಲ. ಹುಣಸೆ ಮರದ ಕೆಳಗೆ ನಿಂತಾಗ ಈಗಲೂ ಆ ಎರಡು ಕೋಣೆ ಕಣ್ಣಿಗೆ ಕಟ್ಟುತ್ತವೆ. ಹೊಲ ಮಾತ್ರ ನನ್ನದಾಗಿಯೇ ಉಳಿಯಿತು. ಭಾವ ಬದುಕಿದ್ದ ತನಕ, ಪ್ರತಿ ಕಾರ್ತೀಕದಲ್ಲೂ, ಅವರು ಜಗಲಿಗೆ ಬಂದು ಕೂತದ್ದನ್ನು ನೋಡಿಕೊಂಡೇ ಅಟ್ಟಣೆಗೆ ಹೇಳಿ ಕಳಿಸುತ್ತಿದ್ದೆ: ಇವತ್ತು ಸ್ವಲ್ಪ ಜೋರಾಗಿ ಕೂಗು.